ಕಾಗದದ ಪಿಯಾನೊ

ಲಮಾರಾ ಹಳೆಯ ಪತ್ರಿಕೆಗಳನ್ನು ಅಂಟಿಸಿ
ಗ್ರ್ಯಾಂಡ್ ಪಿಯಾನೊದ ಆಕಾರಕ್ಕೆ ಕತ್ತರಿಸಿ
ನಡುಮನೆಯ ನೆಲಕ್ಕೆ ಹಾಸಿದ್ದಾಳೆ.
ಒಂದೂಮುಕ್ಕಾಲು ಮೀಟರು ಉದ್ದ,
ಬಾಲದ ಕಡೆ ಸೊಂಟ ಬಳುಕಿದಂಥ ತಿರುವು.
ಅದರ ಮೇಲೆ ಕಾಲಿಡಬೇಡ ರಾಫಿಕ್, ಅಂದಳು
ನಾನಿನ್ನೂ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗಲೇ.

ತಿಬಿಲಿಸಿಯ ಈ ಮೂರನೆಯ ಮಹಡಿಗೆ
ಮೂವತ್ತೊಂದು ವರ್ಷ, ವರ್ಷಕ್ಕೆರಡು ಸಲ ಹತ್ತಿದವನು ನಾನು,
ಶ್ರುತಿ ತಿರುಗಿಸುವ ಕೀಲಿ, ಫೆಲ್ಟಿನ ಪಟ್ಟಿ, ಒಂದು ಟಾರ್ಚು ಹಿಡಿದು.
ಗೋಡೆಗೆ ಆನಿಸಿಟ್ಟ ಆ ಕಪ್ಪು ಪೆಟ್ಟಿಗೆಯ
ಹೊಟ್ಟೆಯೊಳಗಿನದೆಲ್ಲ ನನಗೆ ಗೊತ್ತು:
ಸೋವಿಯತ್ ಕಾಲದ ಮೂರು ಕೊಪೆಕ್ಕು, ಒಂದು ಹೇರ್‌ಪಿನ್ನು,
ಪಾಠ ಬೇಡವಾದ ಯಾವನೋ ಹುಡುಗ
ಬೇಕೆಂದೇ ಉದುರಿಸಿದ ಸೂರ್ಯಕಾಂತಿ ಸಿಪ್ಪೆ,
ಚಳಿಗಾಲದಲ್ಲಿ ಕೆಮ್ಮುವ ನಡುಸಪ್ತಕದ ಒಂದು ಸ್ವರ.

ರುಸ್ತಾವಿಯಲ್ಲಿ ಕಾರ್ಖಾನೆಯ ಕ್ಲಬ್ಬೊಂದು ಮುಚ್ಚಿದೆ.
ದಲ್ಲಾಳಿ ಜುಂಬೆರ್ ಹೇಳಿದನಂತೆ,
ಹಳೆಯದನ್ನು ಕೊಡಿ, ಮೇಲೆ ಎರಡು ತಿಂಗಳ ಸಂಬಳ,
ಗ್ರ್ಯಾಂಡು ನಿಮ್ಮದು. ಶನಿವಾರದೊಳಗೆ ತಿಳಿಸಿ.
ಅಳೆದೂ ಸುರಿದೂ ಇಪ್ಪತ್ತು ದಿನವಾಯಿತು, ಅಂದಳು.
ಊಟದ ಮೇಜು ಬಾಲ್ಕನಿ ಸೇರಿದೆ.
ಮಗಳು ಗೋಡೆಗಂಟಿ ಪಕ್ಕಪಕ್ಕಕ್ಕೆ ನಡೆಯುತ್ತಾಳೆ.
ಬೆಕ್ಕು ಮಾತ್ರ ನೆಟ್ಟಗೆ ಹೋಗಿ
ಎಲ್ಲಿ ತಂತಿಗಳಿರಬೇಕೋ ಅಲ್ಲೇ ಮಲಗುತ್ತದೆ.
ಆಗ ಕಾಗದ ಸರ್ರೆನ್ನುತ್ತದೆ.
ಸದ್ಯಕ್ಕೆ ಅದಕ್ಕೆ ಬರುವುದು ಅದೊಂದೇ ಸ್ವರ.

ಆ ಗ್ರ್ಯಾಂಡನ್ನು ನಾನು ಬಲ್ಲೆ.
ಚೆನ್ನಾಗಿದೆ. ತೊಂದರೆಯೇ ಅದು.
ನನ್ನ ವೃತ್ತಿಯ ಮಾತು ಹೇಳಿದೆ:
ನಿಮ್ಮದರಲ್ಲಿ ಸುತ್ತಿಗೆ ಅಡ್ಡ ಹೊಡೆಯುತ್ತದೆ,
ಹಿಂದಕ್ಕೆಳೆಯಲು ಸ್ಪ್ರಿಂಗು ಬೇಕು.
ಅದರಲ್ಲಿ ತನ್ನ ಭಾರಕ್ಕೆ ತಾನೇ ಬೀಳುತ್ತದೆ,
ಪೂರ್ತಿ ಬೀಳುವ ಮೊದಲೇ ಮತ್ತೆ ಏಳಬಲ್ಲದು.
ಮೆಟ್ಟಿಲ ತಿರುವು ಇಕ್ಕಟ್ಟು, ಬಾಲ್ಕನಿಯ ಮರ ಹುಳ ತಿಂದಿದೆ,
ಆರು ಜನ ಬೇಕು, ಆರಕ್ಕೂ ಕುಡಿಯಲು ಕೊಡಬೇಕು.

ಅವಳು ಹೆಬ್ಬೆರಳ ಗಂಟು ಸವರಿಕೊಂಡಳು.
ಇಷ್ಟು ಬಾತ ಬೆರಳಿಗೆ ಅಷ್ಟು ವೇಗ ಯಾಕೆ, ಗೊತ್ತು.
ಆದರೆ ರಾಫಿಕ್, ನಲವತ್ತು ವರ್ಷ
ಗೋಡೆಗೆ ಮುಖ ಮಾಡಿ ಕೂತಿದ್ದೇನೆ,
ತಪ್ಪು ಮಾಡಿ ಮೂಲೆಗೆ ನಿಂತ ಮಗುವಿನ ಹಾಗೆ.
ಒಂದು ಸಲ ಕಿಟಕಿ ನೋಡುತ್ತ ನುಡಿಸಬೇಕು.

ನನಗೆ ಮಾತು ಹೊಳೆಯಲಿಲ್ಲ.
ಬೆನ್ನು ನೋಡದೆ ಬೆಲೆ ಕಟ್ಟಬಾರದು, ಅಂದೆ.
ಇಬ್ಬರೂ ಸೇರಿ ಪೆಟ್ಟಿಗೆಯನ್ನು ಗೋಡೆಯಿಂದ ಎಳೆದೆವು.
ಹಿಂದೆ, ಬಣ್ಣ ಮಾಸದ ನೀಲಿ ಹೂಗಳು,
ಅವಳು ಈ ಮನೆಗೆ ಬಂದ ವರ್ಷದವು.
ಒಂದು ಚಕ್ರ ಕಾಗದದ ಬಾಲದ ಮೇಲೆ ಹತ್ತಿ
ಗೇಣುದ್ದ ಹರಿಯಿತು.
ಟಾರ್ಚು ಬಿಟ್ಟೆ. ನಾದದ ಹಲಗೆಯಲ್ಲಿ ಬಿರುಕಿಲ್ಲ.
ಇಂಥ ಪಿಯಾನೊಕ್ಕೆ ಬೆನ್ನೇ ಬಾಯಿ;
ಇಷ್ಟು ಕಾಲ ಅದು ಹೇಳಿದ್ದೆಲ್ಲ
ಆ ನೀಲಿ ಹೂಗಳ ಕಿವಿಗೆ.

ನುಡಿಸಿ, ಕೇಳೋಣ, ಅಂದೆ.
ಮಕ್ಕಳಿಗೆ ಮೊದಲು ಕಲಿಸುವ ಪಾಠವನ್ನು
ಎರಡು ಸಾಲು ನುಡಿಸಿರಬೇಕು.
ಗೋಡೆಯಾಚೆಯಿಂದ ಬಡಿದ ಸದ್ದು.
ಗಡಿಯಾರ ರಿಪೇರಿಯ ಒತಾರಿ,
ಮೆಟ್ಟಿಲ ದೀಪ ಕೆಟ್ಟಾಗ ಬಿಟ್ಟು
ಇವಳ ಜೊತೆ ಮಾತೇ ಆಡದ ಆಸಾಮಿ, ಕೂಗಿದ:
ಏನಾಯಿತು ಅದಕ್ಕೆ? ದೂರ ಹೋದ ಹಾಗಿದೆ!

ಅವಳ ಕೈ ಕೀಲಿಗಳ ಮೇಲೇ ಉಳಿಯಿತು.
ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ, ವಾಪಸು ತಳ್ಳಲೇ?
ಶನಿವಾರದವರೆಗೆ ಇಲ್ಲೇ ಇರಲಿ.

ಕೋಣೆಯ ನಡುವೆಯೇ ಶ್ರುತಿ ಮಾಡಿದೆ,
ಕೆಮ್ಮುವ ಸ್ವರವನ್ನು ಹಾಗೇ ಬಿಟ್ಟೆ.
ಹೊರಡುವಾಗ ಮರೆತು
ಕಾಗದದ ಮೇಲೆಯೇ ನಡೆದುಬಿಟ್ಟೆ.
ಅವಳು ಬೈಯಲಿಲ್ಲ.
ಬಿಸ್ಕತ್ತಿನ ಪುಡಿ ಬಿದ್ದ ಮಡಿಲನ್ನು ಒದರುತ್ತ
ಗೋಡೆಯನ್ನೇ ನೋಡುತ್ತಿದ್ದಳು.