ಕಾರಣ: ಇತರೆ

ಈ ದ್ವೀಪಕ್ಕೆ ಗಾಳಿ ಈಶಾನ್ಯದಿಂದ,
ವರ್ಷದಲ್ಲಿ ಮುನ್ನೂರ ನಲವತ್ತು ದಿನ,
ಬಡ್ಡಿ ವಸೂಲಿಗೆ ಬಂದವನ ಹಾಗೆ ತಪ್ಪದೆ.
ಅದಕ್ಕೇ ಈ ಮೂಲೆ ಹಿಡಿದರು:
ಕರಿಕಲ್ಲು, ಉಪ್ಪು, ಬೆನ್ನು ಬಾಗಿದ ಒಂದು ಜಾಲಿ,
ಎದುರಿಗೆ ಸಾವಿರ ಮೈಲಿ ಬರೀ ನೀರು.
ಅವರಿಗೆ ಬೇಕಾದದ್ದು
ಯಾರ ಎದೆಯನ್ನೂ ಹೊಕ್ಕು ಹೊರಬರದ ಗಾಳಿ.

ಮೂರು ಡಬ್ಬಿ, ಹಡಗಿನ ಕಂಟೇನರುಗಳು.
ಬಿಳಿಯದು ಜರ್ಮನರದು, ಹಸಿರು ಇಂಗ್ಲಿಷರದು,
ಬಣ್ಣಕ್ಕೆ ಇನ್ನೂ ದುಡ್ಡು ಮಂಜೂರಾಗದ್ದು
ಕೇಪ್ ವರ್ಡಿನದು, ಅಂದರೆ ನಮ್ಮದು.
ಮೇಲೆ ಮೂವತ್ತು ಮೀಟರಿನ ಗೋಪುರ,
ಅದರ ಮೂಗು ಎಲ್ಲರದು.
ಕರೆಂಟಿನ ಬಿಲ್ಲು ಮೂರು ಪಾಲು.
ಜನರೇಟರಿನ ಎಣ್ಣೆ ಯಾರ ಪಾಲು ಎಂಬುದು
ಆರು ವರ್ಷದಿಂದ ಫೋನಿನಲ್ಲಿ ನಡೆದಿದೆ.
ಸೋಮವಾರ ಟೋರ್ಬೆನ್ ‘ದಯವಿಟ್ಟು’ ಎಂದು ಶುರುಮಾಡಿದರೆ
ಜಗಳವೆಂದು ಅರ್ಥ.
ಫಿಲಿಪ್ಪಾ ನಕ್ಕರೆ ಇನ್ನೂ ದೊಡ್ಡ ಜಗಳ.
ನಾನು ನಡುವೆ ಕೂತು ಕ್ರಿಯೋಲಿನಲ್ಲಿ ಕೆಮ್ಮುತ್ತೇನೆ.

ಉಪ್ಪು ಮಾತ್ರ ಪಾಲು ಕೇಳುವುದಿಲ್ಲ.
ತಿರುಪು, ತಂತಿ, ಬೀಗ, ಬೀಗದ ಕೈ,
ಹೊಸ ಪಂಪು ಮೂರೇ ತಿಂಗಳಿಗೆ ಅಜ್ಜ.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ.
ಇಲ್ಲಿ ಉಪ್ಪೇ ನಮ್ಮನ್ನು ತಿನ್ನುತ್ತದೆ;
ನೀರು ಬರುವುದು ಗುರುವಾರ, ಟ್ಯಾಂಕರಿನಲ್ಲಿ.

ಸೀಸೆಗೆ ಗಾಳಿ ತುಂಬಲು ಕಲಿಸಿದವನು ಅಡೆರಿಟು.
‘ಗಾಳಿಗೆ ಎದುರಾಗಿ ನಡಿ. ಸೀಸೆ ಮುಂದೆ, ನೀನು ಹಿಂದೆ.
ಬಿರಟೆ ತೆಗೆಯುವ ಮುನ್ನ ಎದೆತುಂಬ ಎಳಕೊ, ಹಿಡಕೊ.
ನಿನ್ನ ಉಸಿರು ತಾಗಿತೋ, ಸೀಸೆ ಕೆಟ್ಟಿತು.’
ಹಿಂದೆ ಸಿಗಡಿಗೆ ಮುಳುಗುತ್ತಿದ್ದವನು,
ಎರಡು ನಿಮಿಷ ಹಿಡಿಯುತ್ತಿದ್ದ.
ನಾನು ನಲವತ್ತು ಸೆಕೆಂಡಿಗೇ ಕೆಂಪು.
ಮರದ ಪೆಟ್ಟಿಗೆಯಲ್ಲಿ ಸೀಸೆಗಳು ವಿಮಾನ ಹತ್ತುತ್ತವೆ.
ನಾನು ಹತ್ತಿಲ್ಲ.
ಕಸ್ಟಮ್ಸಿನವ ಪ್ರತಿ ಸಲ ಕೇಳುತ್ತಾನೆ, ಒಳಗೇನು?
ಏನೂ ಇಲ್ಲ.
ಬೆಲೆ?

ಗಾಳಿ ಎಂದಾದರೊಮ್ಮೆ ತಿರುಗುತ್ತದೆ,
ತೆಂಕಲಿಂದ, ಊರ ಮೇಲಿಂದ ಬೀಸುತ್ತದೆ.
ಆಗ ಪರದೆಯ ಗೆರೆಗಳು ನಾಯಿಯ ಕಿವಿಯಂತೆ ನೆಟ್ಟಗೆ.
ದಿಯೊಲಿಂದಾ ಹಾವುಮೀನು ಕರಿದದ್ದು,
ಶಾಲೆಯ ಹಿಂದೆ ಕಸ ಸುಟ್ಟದ್ದು,
ನೆಲ್ಸುವಿನ ದೋಣಿಯ ಎಂಜಿನ್ನು ಕೊನೆಗೂ ಶುರುವಾದದ್ದು.
ಗಾಳಿಮಾತು ಅನ್ನುತ್ತಾರಲ್ಲ,
ಇಲ್ಲಿ ಅದು ಅಂಕಿಯಲ್ಲಿ ಬರುತ್ತದೆ.
ಆ ಹೊತ್ತನ್ನು ಕೆಂಪಿನಲ್ಲಿ ಹೊಡೆದುಹಾಕುವುದು ನನ್ನ ಕೆಲಸ.
ಕಾರಣ ಆರಿಸಬೇಕು:
ಹಡಗು. ವಾಹನ. ಅಡುಗೆ. ಇತರೆ.
ಮರುದಿನ ಫಿಲಿಪ್ಪಾ ಬರೆಯುತ್ತಾಳೆ, ಅಚ್ಚುಕಟ್ಟಾಗಿ ಶುದ್ಧಮಾಡಿದ್ದೀ.
ಹೀಗೆ ಹನ್ನೊಂದು ವರ್ಷ
ನನ್ನ ಊರನ್ನು ನನ್ನ ಕೈಯಾರೆ ತೊಡೆದಿದ್ದೇನೆ.
ಬೇಸರವೇನಿಲ್ಲ. ಸಂಬಳ ತಪ್ಪಿಲ್ಲ.

ಫೆಬ್ರುವರಿಯಲ್ಲಿ ಅಡೆರಿಟು ಹೋದ.
ಸಹಾರಾದ ಧೂಳು ಇಳಿದ ವಾರ;
ಬಿಳಿ ಡಬ್ಬಿಯೂ ನಮ್ಮ ಡಬ್ಬಿಯ ಬಣ್ಣಕ್ಕೆ ಬಂದಿತ್ತು.
ಮಂಗಳವಾರ, ಫಿಲ್ಟರು ಬದಲಿಸುವ ದಿನ,
ಪಾಳಿ ನನ್ನದು.
ಬಿಟ್ಟರೆ ಮೂರು ದೇಶಗಳ ಸರಣಿ ತುಂಡಾಗುತ್ತದೆ.
ಮಣ್ಣಿಗೆ ಹೋಗಲಿಲ್ಲ.

ಮೂರೂಕಾಲಿಗೆ ಗಾಳಿ ತಿರುಗಿತು.
ಐದು ನಿಮಿಷಕ್ಕೆ ಗೆರೆ ಎದ್ದಿತು,
ಮೊದಲು ಮಸಿ, ಹಿಂದೆಯೇ ಕಾರ್ಬನ್ ಮಾನಾಕ್ಸೈಡು.
ಮೇಣದಬತ್ತಿಗಳು.
ಅಂಗಳದಲ್ಲಿ ಊರಿಗೆಲ್ಲ ಕಚೂಪ ಬೇಯಿಸುವ ಕಟ್ಟಿಗೆ.
ಅತ್ತು ಬಿಟ್ಟ ಉಸಿರು ಎಷ್ಟು ಜನರದೋ,
ಅದನ್ನು ಬೇರೆ ತೋರಿಸುವ ಯಂತ್ರ
ಮೂರೂ ಡಬ್ಬಿಯಲ್ಲಿಲ್ಲ.
ಇಪ್ಪತ್ತಾರು ನಿಮಿಷ.
ನೋಡುತ್ತ ನಿಂತಿದ್ದೆ.
ಉಸಿರು ಹಿಡಿದಿದ್ದೆನೆಂದು ಆಮೇಲೆ ತಿಳಿಯಿತು;
ಎಷ್ಟು ಸೆಕೆಂಡೋ, ಎಣಿಸಲಿಲ್ಲ.

ಕೆಂಪು ಹೊಡೆದೆ. ಹೊಡೆಯದಿದ್ದರೆ
ಅವನೇ ಬೈಯುತ್ತಿದ್ದ.
ಕಾರಣ: ಇತರೆ.
ಟೋರ್ಬೆನ್ ಕೇಳಿದ, ದಯವಿಟ್ಟು, ಇತರೆ ಅಂದರೆ?
ಹೆಸರು ಬರೆದೆ, ಬರೀ ಹೆಸರು.
ಆ ಸೋಮವಾರ ಯಾರೂ ಎಣ್ಣೆಯ ಮಾತೆತ್ತಲಿಲ್ಲ.

ಈಗ ಮತ್ತೆ ಈಶಾನ್ಯ.
ಗೋಪುರದ ಮೂಗು ಒರೆಸಲು ಹತ್ತಬೇಕು,
ಬಟ್ಟೆಯ ತುಂಬ ಅರ್ಧ ಮರಳುಗಾಡು, ಅರ್ಧ ಕಡಲು.
ಕೆಳಗೆ ಬೀಗ ಮತ್ತೆ ಕಚ್ಚಿಕೊಂಡಿದೆ.