ಎಣ್ಣೆಯ ಕಲೆ

ಶಿಡ್ಲಘಟ್ಟದಲ್ಲಿ, ಒಂದು ಕಾಲಕ್ಕೆ ನೂಲು ಬಿಚ್ಚುತ್ತಿದ್ದ ಶೆಡ್ಡು
ಈಗ ನಮ್ಮ ಸ್ಟುಡಿಯೋ.
ಮೋಡ ಕಟ್ಟಿದ ದಿನ ಬೆಂದ ಗೂಡಿನ ವಾಸನೆ
ನೆಲದಿಂದ ಎದ್ದುಬರುತ್ತದೆ.
ಟೀವಿಯಲ್ಲಿ ವಾಸನೆ ಬರುವುದಿಲ್ಲ, ಪುಣ್ಯ.

ನಾಲ್ಕು ಗಂಟೆಗೆ ಡೈರೆಕ್ಟರು ವೇಣುಮಾಧವ ಬಂದು
'ಯಶೋದಾ, ಠಾಣೆ ಬೇಡ, ಹೆರಿಗೆ ವಾರ್ಡು ಮಾಡು' ಅನ್ನುತ್ತಾರೆ,
ಉಪ್ಪಿಟ್ಟು ಬೇಡ, ದೋಸೆ ಕೊಡು ಅಂದ ಹಾಗೆ.
ಆರಕ್ಕೆ ಜನ ಬಂದು ಕೂರುತ್ತಾರೆ.
ಲಾಕಪ್ಪಿನ ಸರಳು ತೊಟ್ಟಿಲಾಗುತ್ತದೆ.
ಬಾಬಾಜಾನ್ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಬೈಯುತ್ತಾನೆ,
ಯಾರಿಗೆ ಅಂತ ತಿಳಿಯುವುದಿಲ್ಲ.

ನಗು ಅಂದರೆ ಲೆಕ್ಕ.
ಬಾಗಿಲು ಒಂದೇ ಗುದ್ದಿಗೆ ಬೀಳಬೇಕು.
ಎರಡಾದರೆ ಯಾರೂ ನಗುವುದಿಲ್ಲ,
ಮೂರಾದರೆ ಮತ್ತೆ ನಗುತ್ತಾರೆ.
ಕುರ್ಚಿಯ ಕಾಲು ಎಷ್ಟು ಕೊಯ್ದಿಡಬೇಕು ಅಂದರೆ
ಪಿಳ್ಳಪ್ಪ ಕೂತಾಗ ಮುರಿಯದೆ
'ನಾನು ಸುಳ್ಳು ಹೇಳೋನಲ್ಲ' ಅಂದಾಗ ಮುರಿಯುವಷ್ಟು.
ಅವನ ತೂಕ ಪ್ರತಿ ಗುರುವಾರ ಕೇಳುತ್ತೇನೆ.
ಅದೊಂದರಲ್ಲಿ ಮಾತ್ರ ಸುಳ್ಳು ಹೇಳುತ್ತಾನೆ.

ಒಂದು ವಾರ ಮಾವನ ಮನೆಯ ಗೋಡೆ ಬೇಕಿತ್ತು.
ತಿಳಿಹಸಿರು ಬಳಿದೆ. ಕ್ಯಾಲೆಂಡರು, ಮೀಟರ್ ಬೋರ್ಡು.
ಆದರೂ ಯಾರೂ ಬಾಳಿದ ಮನೆ ಅನ್ನಿಸಲಿಲ್ಲ.
ಕೈಯಲ್ಲಿ ಹತ್ತು ನಿಮಿಷ.
ಮೇಕಪ್ಪಿನವಳ ಕೊಬ್ಬರಿಎಣ್ಣೆ ಅಂಗೈಗೆ ಸುರಿದುಕೊಂಡು
ಕುರ್ಚಿಯ ಹಿಂದೆ, ತಲೆ ಒರಗುವ ಎತ್ತರದಲ್ಲಿ
ಉಜ್ಜಿದೆ. ದುಂಡಗೆ ಅಲ್ಲ, ಒಂಚೂರು ಎಡಕ್ಕೆ ವಾಲಿಸಿ.
ಯಾಕೆ ಎಡಕ್ಕೆ ಅಂತ ಆಗ ಯೋಚಿಸಲಿಲ್ಲ.

ಶನಿವಾರ ರಾತ್ರಿ ಚಿಂತಾಮಣಿಯಿಂದ ಅಶ್ವತ್ಥಮ್ಮತ್ತೆಯ ಫೋನು.
ನಕ್ಕೂ ನಕ್ಕೂ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.
'ಬಾಗ್ಲು ಬಿದ್ದಿದ್ದು ಭೋ ಚೆನ್ನಾಗಿತ್ತು ಕಣೇ.'
ಆಮೇಲೆ,
'ಆ ಗೋಡೆ ಮೇಲಿದ್ದದ್ದು ನಮ್ಮಣ್ಣನ ತಲೆ ಅಲ್ವಾ?'

ರಾತ್ರಿ ಪಾಳಿ ಮುಗಿಸಿ, ಬೆರಳ ತುದಿ ಬಿಸಿನೀರಲ್ಲಿ ಬಿಳಿಚಿ,
ಎಡಗಿವಿಯ ಬದಿಗೆ ರೇಡಿಯೋ ಇಟ್ಟುಕೊಂಡು
ಅಲ್ಲೇ ಒರಗುತ್ತಿದ್ದ ಅಪ್ಪ.
ಪ್ರತಿ ಯುಗಾದಿಗೂ ಅಮ್ಮ ಸುಣ್ಣ ಹೊಡೆಯುತ್ತಿದ್ದಳು,
ಪ್ರತಿ ಯುಗಾದಿಗೂ ಸೋಲುತ್ತಿದ್ದಳು.

ಸೋಮವಾರ ಆ ಗೋಡೆಗೆ ನೀಲಿ ಹೊಡೆದೆ: ಬ್ಯಾಂಕು.
ಎಣ್ಣೆಯ ಮೇಲೆ ಬಣ್ಣ ನಿಲ್ಲಲಿಲ್ಲ,
ಮ್ಯಾನೇಜರ ಬೆನ್ನ ಹಿಂದೆ ಮೂಡಿತು.
ಬಿಳಿ, ಎರಡು ಕೋಟು: ಡಾಕ್ಟರ ಹಿಂದೆ.
ಕೊನೆಗೆ ಕಪ್ಪು ಬಳಿದು ಯಮನ ಸಭೆ ಮಾಡಿದರೆ
ಅಲ್ಲೂ ಮಿನುಗಿತು.
ಚಿತ್ರಗುಪ್ತನ ವೇಷದ ಪಿಳ್ಳಪ್ಪ ಮಾತು ಮರೆತು
ಸುಮ್ಮನೆ ಹಿಂದಕ್ಕೆ ಒರಗಿದ.
ಕಿರೀಟ ಅಳತೆ ತೆಗೆದ ಹಾಗೆ ಅಲ್ಲೇ ಕೂತಿತು.
ಮರೆತದ್ದಕ್ಕೇ ಜನ ಹೆಚ್ಚು ನಕ್ಕರು.

'ಏನದು ಕಲೆ? ತೆಗಿ' ಅಂದರು ವೇಣುಮಾಧವ.
'ಎಣ್ಣೆ ಸಾರ್. ಹೋಗಲ್ಲ.'
'ಸರಿ ಬಿಡು. ಅರ್ಧ ಗಂಟೇಲಿ ಬಸ್‌ಸ್ಟ್ಯಾಂಡು ಬೇಕು.'

ಬೆಂಚನ್ನು ಅದರ ಕೆಳಕ್ಕೆ ಎಳೆಸಿದೆ.