ಹನ್ನೊಂದೂ ಮುಕ್ಕಾಲು

ಮೀಟರಿನ ಮುಳ್ಳು ಹನ್ನೊಂದೂ ಮುಕ್ಕಾಲು.
ಗಂಟೆಯಲ್ಲ, ವೋಲ್ಟು.
ಗಂಟೆ ಇನ್ನೂ ಆರೂವರೆ, ಧನುರ್ಮಾಸ.
ಆಲ್ದೂರಿನಾಚೆಯ ಈ ಕಾಫಿತೋಟದಲ್ಲಿ
ಮಂಜು ಕೂತುಬಿಟ್ಟಿದೆ, ಬಾಡಿಗೆ ಕೊಟ್ಟವರ ಹಾಗೆ.

ಓಮ್ನಿಯ ನೆತ್ತಿಗೆ ಕೈಚಾಚಿ
ಹಳೇ ಪಂಚೆಯ ತುಂಡಿನಲ್ಲಿ
ಸೋಲಾರ್ ಹಲಗೆಯ ಇಬ್ಬನಿ ಒರೆಸುತ್ತೇನೆ.
ಮೂವತ್ತೊಂದು ವರ್ಷ ಲೈನ್‌ಮ್ಯಾನ್ ಆಗಿದ್ದವನು,
ಹನ್ನೊಂದು ಸಾವಿರ ವೋಲ್ಟಿನ ಕಂಬಕ್ಕೆ
ಬೀಡಿ ಕಚ್ಚಿಕೊಂಡೇ ಏರಿದವನು
ಈಗ ಕಾಲು ವೋಲ್ಟಿಗೆ
ರೇಷನ್ ಅಂಗಡಿ ಮುಂದೆ ನಿಂತಂತೆ ನಿಲ್ಲುತ್ತೇನೆ.

ಗಾಡಿಯೊಳಗೆ ಹೆಚ್ಚೇನಿಲ್ಲ. ಮಂಚ, ದೀಪ, ರೇಡಿಯೊ,
ಇನ್ಸುಲಿನ್ ಇಡಲು ಊಟದ ಡಬ್ಬಿಯಷ್ಟು ಫ್ರಿಜ್ಜು.
ಬ್ಯಾಟರಿಯನ್ನು ತಿನ್ನುವುದೆಲ್ಲ ಅದೇ.
ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹಿಂದಿನ ಇಲಿಯಾಸ್
ಕೊಡುವಾಗಲೇ ಹೇಳಿದ್ದ:
"ಇದು ಎಮ್ಮೆ ಇದ್ದಂಗೆ ಸಾರ್.
ಅರ್ಧಕ್ಕಿಂತ ಜಾಸ್ತಿ ಕರೀಬೇಡಿ, ಕರುಗೂ ಬಿಡಿ."

ಮೊದಲು ನಿಲ್ಲಿಸಿದ್ದು ಕಾಫಿ ಒಣಗಿಸುವ ಕಣದ ತೆಂಕಲಲ್ಲಿ.
ಇಡೀ ತೋಟದಲ್ಲಿ ಮರವಿಲ್ಲದ ಜಾಗ ಕಣವೊಂದೇ.
ಸಿಲ್ವರ್ ಓಕಿನ ಒಂದು ರೆಂಬೆ ನೆರಳಾಡಿದರೂ
ಇಡೀ ಹಲಗೆ ಮುನಿಯುತ್ತದೆ,
ಎಲೆ ತುದಿಗೆ ಉಪ್ಪು ಬೀಳಲಿಲ್ಲವೆಂದು
ಪಂಕ್ತಿಯಿಂದ ಎದ್ದ ಬೀಗರ ಹಾಗೆ.

ಲೂಸಿಯಮ್ಮ ಗೋರೆ ಎಳೆಯುತ್ತ ಬಂದಳು.
"ಏನ್ರೀ, ನಿಮ್ಮ ಗಾಡಿ ನೆರಳು ನನ್ನ ಕಾಫಿ ಮೇಲೆ ಮಲಗಿದೆ.
ಈ ತಿಂಗಳಲ್ಲಿ ನೆರಳು ಬಡಗಲಿಗೆ ಬೀಳೋದು. ಅಷ್ಟೂ ಗೊತ್ತಿಲ್ವ?
ಆ ಕಡೆ ಹಾಕ್ಕಳಿ. ನನಗೂ ಬಿಸ್ಲು, ನಿಮಗೂ ಬಿಸ್ಲು."

ಗೊತ್ತಿರಲಿಲ್ಲ.
ಕರೆಂಟು ಎಲ್ಲಿಂದ ಬರುತ್ತದೆ ಎಂದವರಿಗೆ
ಸಬ್‌ಸ್ಟೇಷನ್ನಿನ ಕಡೆ ಬೆರಳು ತೋರಿಸಿ ಬದುಕಿದವನು ನಾನು.
ಬಡಗಲಿಗೆ ಸರಿದೆ. ಹಲಗೆಯ ಹಿಂದುಗಡೆಗೆ
ಎರಡು ಇಟ್ಟಿಗೆ ಕೊಟ್ಟು ತೆಂಕಲಿಗೆ ಮುಖ ಬಾಗಿಸಿದೆ.
ಸಂಜೆಗೆ ಮುಳ್ಳು ಹನ್ನೆರಡೂವರೆ ದಾಟಿತ್ತು.
ಕಣದಲ್ಲಿ ಅವಳು ಒಂದು ಹಣ್ಣು ಹೆಕ್ಕಿ
ಕಿವಿಯ ಬಳಿ ಅಲುಗಿಸಿದಳು.
"ಇನ್ನೂ ಮಾತಾಡ್ತಿಲ್ಲ. ಮೂರು ಬಿಸಿಲು ಬೇಕು."

ಆಂಪಿಯರ್ ಲೆಕ್ಕ ಬರೆಯುವ ಪುಸ್ತಕದಲ್ಲಿ
ಅಂದಿನಿಂದ ನಾನೂ ಬಿಸಿಲೆಂದೇ ಬರೆಯುತ್ತೇನೆ:
ಇವತ್ತು ಮುಕ್ಕಾಲು ಬಿಸಿಲು.
ಇವತ್ತು ಅರೆ.

ಒಂದು ಮಧ್ಯಾಹ್ನ, ಬುತ್ತಿ ಬಿಚ್ಚುತ್ತ, ಏನೂ ಒತ್ತಿ ಹೇಳದೆ ಕೇಳಿದಳು:
"ಬಿಲ್ಲು ಕಟ್ಟಿಲ್ಲಾಂತ ನಮ್ಮನೆ ಫ್ಯೂಸ್ ಕಿತ್ಕೊಂಡು ಹೋದೋರು
ನೀವೇ ಅಲ್ವ? ಆಗ ಮೀಸೆ ಕಪ್ಪಿತ್ತು."
ನೆನಪಾಗಲಿಲ್ಲ.
ನಾನು ಕಿತ್ತ ಫ್ಯೂಸುಗಳಿಗೆ ಮುಖವಿರಲಿಲ್ಲ,
ಆರ್.ಆರ್. ನಂಬರು ಇತ್ತು.
"ಮೂರು ರಾತ್ರಿ. ಏನಾಗ್ಲಿಲ್ಲ ಬಿಡಿ, ಬೇಗ ಮಲಗಿದ್ವಿ."
ಉಪ್ಪಿನಕಾಯಿ ನನ್ನ ಕಡೆ ತಳ್ಳಿದಳು.

ಆಮೇಲೆ ಮದ್ರಾಸಿನ ಕಡೆ ಚಂಡಮಾರುತ ಎಂದಿತು ರೇಡಿಯೊ.
ನಾಲ್ಕು ದಿನ ಸೂರ್ಯನ ಸುಳಿವಿಲ್ಲ.
ಕಾಫಿ ಗುಡ್ಡೆಯಾಗಿ ಟಾರ್ಪಾಲಿನಡಿ ಸೇರಿತು.
ಮೊದಲು ರೇಡಿಯೊ ನಿಲ್ಲಿಸಿದೆ, ಆಮೇಲೆ ದೀಪ.
ನಿನ್ನೆ ರಾತ್ರಿ ಫ್ರಿಜ್ಜು ಒಂದೇ ಗುರುಗುಟ್ಟುತ್ತಿತ್ತು,
ಮುಳ್ಳು ಇಳಿಯುತ್ತಿತ್ತು, ನನಗೆ ನಿದ್ದೆಯಿಲ್ಲ.

ಸದ್ದು ಕೇಳಿ ಲೂಸಿಯಮ್ಮ ಬ್ಯಾಟರಿ ಹಿಡಿದು ಬಂದಳು,
ಅದೇ, ಟಾರ್ಚು.
"ಫ್ರಿಜ್ಜಾ? ಈ ಚಳೀಲಿ?"
ನಕ್ಕಳು. ಬಾಯಿಂದ ಹೊಗೆ ಬಂತು.
ಒದ್ದೆ ಮರಳಿನ ಒಂದು ಕುಡಿಕೆ ತಂದು
ಗಾಡಿಯ ಕೆಳಗೆ, ಚಕ್ರಕ್ಕೆ ಒತ್ತಿ ಇಟ್ಟಳು.
ಔಷಧಿ ಅದರೊಳಗೆ ಹೋಯಿತು.
ನಾನು ನನ್ನ ಫ್ಯೂಸನ್ನೇ ಕಿತ್ತು
ಹಳೇ ಅಭ್ಯಾಸದಂತೆ ಜೇಬಿಗಿಟ್ಟೆ.

ಹಲಗೆಯಿಂದ ಬ್ಯಾಟರಿಗೆ ಹೋಗುವ ತಂತಿ ಮಾತ್ರ ಬಿಟ್ಟಿದ್ದೇನೆ.
ಬರುವುದಿದ್ದರೆ ಬರಲಿ.

ಒರೆಸಿದ ಪಂಚೆ ಹಿಂಡಿ ಕನ್ನಡಿಗೆ ನೇತುಹಾಕುತ್ತೇನೆ.
ಎಂಟಾಯಿತು. ಹತ್ತಾಯಿತು.
ಲೂಸಿಯಮ್ಮ ಟಾರ್ಪಾಲಿನ ತುದಿ ಎತ್ತಿ
ಮೂಸಿ, ಮತ್ತೆ ಮುಚ್ಚುತ್ತಾಳೆ.
ಈಗ ಗಂಟೆಯೂ ಹನ್ನೊಂದೂ ಮುಕ್ಕಾಲು.
ಇಬ್ಬರೂ ಆಕಾಶ ನೋಡುತ್ತಿಲ್ಲ, ನೆಲ ನೋಡುತ್ತಿದ್ದೇವೆ.
ಓಕ್ ಮರದ ಬುಡದಲ್ಲಿ, ಬಡಗಲಿಗೆ,
ತೆಳ್ಳಗೆ, ನೀರು ಬೆರೆಸಿದ ಶಾಯಿಯಷ್ಟು ತೆಳ್ಳಗೆ,
ಒಂದು ನೆರಳು.